ಅಟ್ಟದ ಮೇಲಿನ ಊರು: ಫೆಂಗ್ ಶುಯಿ ಮತ್ತು ನಮ್ಮ ಮನೆಯ ಸಾಮಾನು



ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನೆಯ ಲಾಫ್ಟ್ ಮೇಲೆ ಏನೇನಿದೆ, ಏಣಿ ಹತ್ತದೆ ಹೇಳಬಲ್ಲಿರಾ? ಟಿವಿ ಬಂದ ರಟ್ಟಿನ ಪೆಟ್ಟಿಗೆ, ಕೆಟ್ಟುಹೋದ ಮಿಕ್ಸಿ, ಮಗಳ ಮೂರನೇ ಕ್ಲಾಸಿನ ನೋಟ್ ಬುಕ್ಕುಗಳು, ಮದುವೆಗೆ ಉಡುಗೊರೆ ಬಂದು ಇನ್ನೂ ಬಿಚ್ಚದ ಎರಡು ಗೋಡೆ ಗಡಿಯಾರ, ಊರಿಂದ ಗೋಣಿಚೀಲದಲ್ಲಿ ಕಟ್ಟಿ ತಂದ ಹಿತ್ತಾಳೆ ಪಾತ್ರೆಗಳು... ಮುಂದಿನದು ನೆನಪಿಗೆ ಬರುತ್ತಿಲ್ಲ, ಅಲ್ಲವೇ? ಮುಂಬೈಯ ಒನ್ ಬಿಎಚ್‌ಕೆ ಇರಲಿ, ಚೆನ್ನೈಯ ಬಾಡಿಗೆ ಪೋರ್ಷನ್ ಇರಲಿ, ದೆಹಲಿಯ ಡಿಡಿಎ ಫ್ಲ್ಯಾಟ್ ಇರಲಿ, ಹೊರನಾಡ ಕನ್ನಡಿಗರ ಮನೆಗಳಲ್ಲಿ ಕಥೆ ಒಂದೇ. ಚದರಡಿಗೆ ಇಷ್ಟು ಸಾವಿರ ಅಂತ ಸಾಲ ಮಾಡಿ ಕೊಂಡ ಜಾಗದಲ್ಲಿ ಒಂದು ಪಾಲು ನಾವಿರುತ್ತೇವೆ, ಇನ್ನೊಂದು ಪಾಲು ನಾವು ಮರೆತ ಸಾಮಾನು ಇರುತ್ತದೆ. ಬಾಡಿಗೆ ಮಾತ್ರ ಅದು ಕೊಡುವುದಿಲ್ಲ!

ಮನೆಯಿಂದ ಬೇಡದ್ದನ್ನು ತೆಗೆಯಬೇಕು ಅಂದ ಕೂಡಲೇ ಈಗ ಎಲ್ಲರ ಬಾಯಲ್ಲೂ ಬರುವ ಮಾತು ಫೆಂಗ್ ಶುಯಿ. ಅದು ಏನು, ಅದರಲ್ಲಿ ನಮ್ಮಂಥವರ ಮನೆಗೆ ದಕ್ಕುವುದು ಎಷ್ಟು ಅಂತ ಈ ಸಂಚಿಕೆಯಲ್ಲಿ ನೋಡೋಣ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಫೆಂಗ್ ಶುಯಿಯಲ್ಲಿ ಕಾಸು ಖರ್ಚಿಲ್ಲದ ಭಾಗವೇ ಸತ್ವದ ಭಾಗ. ಅಂಗಡಿಯಲ್ಲಿ ಮಾರುವ ಭಾಗ ಮನೆಗೆ ಇನ್ನಷ್ಟು ಸಾಮಾನು ತುಂಬುತ್ತದೆ, ಅಷ್ಟೆ.

ನಗುವ ಬುದ್ಧನ ಚೀಲ

2000ದ ಆಚೀಚೆ ನಮ್ಮ ಗಿಫ್ಟ್ ಅಂಗಡಿಗಳಿಗೆ ಚೀನಾದಿಂದ ಒಂದು ದಿಬ್ಬಣವೇ ಬಂದಿಳಿಯಿತು. ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ, ಬಾಗಿಲಿಗೆ ತೂಗುಹಾಕುವ ಗಾಳಿಗಂಟೆ, ಕೆಂಪು ದಾರದ ಮೂರು ನಾಣ್ಯ, ಜೊತೆಗೆ ಡೊಳ್ಳುಹೊಟ್ಟೆಯ ನಗುವ ಬುದ್ಧ. ಇವನನ್ನು ನಾವೇ ಕೊಳ್ಳಬಾರದು, ಯಾರಾದರೂ ಕೊಡಬೇಕು ಅಂತ ಬೇರೆ ಒಂದು ಸುದ್ದಿ ಹಬ್ಬಿತು. ಹಾಗಾಗಿ ಎಲ್ಲರೂ ಎಲ್ಲರಿಗೂ ಕೊಟ್ಟರು. ಕೆಲವು ಮನೆಗಳಲ್ಲಿ ಶೋಕೇಸಿನೊಳಗೆ ನಾಲ್ಕೈದು ಬುದ್ಧರು ಒಬ್ಬರನ್ನೊಬ್ಬರು ನೋಡಿ ನಗುತ್ತಾ ಕೂತಿದ್ದಾರೆ.

ತಮಾಷೆ ಏನು ಗೊತ್ತೇ? ಅವನು ನಮ್ಮ ಗೌತಮ ಬುದ್ಧ ಅಲ್ಲವೇ ಅಲ್ಲ. ಹತ್ತನೇ ಶತಮಾನದ ಆರಂಭದಲ್ಲಿ ಚೀನಾದಲ್ಲಿದ್ದ ಎನ್ನಲಾಗುವ ಒಬ್ಬ ಅಲೆಮಾರಿ ಸನ್ಯಾಸಿ. ಹೆಸರು ಬುದೈ. ಆ ಪದದ ಅರ್ಥ ಬಟ್ಟೆಯ ಚೀಲ. ತನ್ನದು ಅಂತ ಇದ್ದದ್ದನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಊರೂರು ತಿರುಗುತ್ತಿದ್ದನಂತೆ. ಅಂಥವನ ಬೊಂಬೆಯನ್ನು ತಂದು ಸಾಮಾನು ತುಂಬಿದ ಶೋಕೇಸಿನಲ್ಲಿ ಕೂರಿಸಿದ್ದೇವೆ! ಅದೃಷ್ಟದ ಬಿದಿರು ಅಂತ ಗಾಜಿನ ಲೋಟದಲ್ಲಿ ಇಡುವ ಗಿಡದ ಕಥೆಯೂ ಇಷ್ಟೇ. ಅದು ಬಿದಿರೂ ಅಲ್ಲ, ಚೀನಾದ್ದೂ ಅಲ್ಲ. ಡ್ರಸೀನ ಎಂಬ ಜಾತಿಯ ಆಫ್ರಿಕಾ ಗಿಡ.

ಗಾಳಿ, ನೀರು ಮತ್ತು ಚಿ

ಹಾಗಾದರೆ ನಿಜವಾದ ಫೆಂಗ್ ಶುಯಿ ಯಾವುದು? ಚೀನೀ ಭಾಷೆಯಲ್ಲಿ ಫೆಂಗ್ ಅಂದರೆ ಗಾಳಿ, ಶುಯಿ ಅಂದರೆ ನೀರು. ಮೊದಮೊದಲು ಇದು ಮನೆಗಿಂತ ಹೆಚ್ಚಾಗಿ ಗೋರಿಗಳಿಗೆ ಸಂಬಂಧಪಟ್ಟ ವಿದ್ಯೆ. ಹಿರಿಯರನ್ನು ಎಲ್ಲಿ ಮಣ್ಣು ಮಾಡಿದರೆ ಮಕ್ಕಳು ಮೊಮ್ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕಾಚಾರ. ಕ್ರಿ.ಶ. 276ರಿಂದ 324ರವರೆಗೆ ಬದುಕಿದ್ದ ಗುವೊ ಪು ಎಂಬ ಪಂಡಿತನ ಹೆಸರಿನಲ್ಲಿ ಒಂದು ಸಮಾಧಿ ಗ್ರಂಥವೇ ಇದೆ. ನೆಲದಲ್ಲಿ ಹರಿಯುವ ಜೀವಶಕ್ತಿಗೆ ಅವರು ಕೊಟ್ಟ ಹೆಸರು ಚಿ. (ನಮ್ಮ 'ಛೀ' ಅಲ್ಲ ಮತ್ತೆ, ಪ್ರಾಣ ಅನ್ನುತ್ತೇವಲ್ಲ ಅದಕ್ಕೆ ಹತ್ತಿರ.) ಜೋರು ಗಾಳಿಗೆ ಈ ಚಿ ಚದುರಿಹೋಗುತ್ತದೆ, ನೀರಿರುವ ಕಡೆ ತಂಗುತ್ತದೆ ಎಂಬುದು ಆ ಗ್ರಂಥದ ಮೂಲ ವಿಚಾರ. ಅಂದಮೇಲೆ ಒಳ್ಳೆಯ ಜಾಗಕ್ಕೆ ಬೆನ್ನಿಗೆ ಬೆಟ್ಟ ಇರಬೇಕು, ಎದುರಿಗೆ ತೆರೆದ ಬಯಲು ಮತ್ತು ನೀರು ಇರಬೇಕು.

ಉತ್ತರ ಚೀನಾದ ಹವೆ ನೆನೆಸಿಕೊಂಡರೆ ಇದರ ಗುಟ್ಟು ತಿಳಿಯುತ್ತದೆ. ಚಳಿಗಾಲದಲ್ಲಿ ಕೊರೆಯುವ ಗಾಳಿ ಬೀಸುವುದು ಉತ್ತರದಿಂದ, ಬಿಸಿಲು ಬೀಳುವುದು ದಕ್ಷಿಣದಿಂದ. ಆದ್ದರಿಂದ ಮನೆ ಉತ್ತರಕ್ಕೆ ಬೆನ್ನು ಮಾಡಿ ದಕ್ಷಿಣಕ್ಕೆ ಮುಖ ಮಾಡಬೇಕು. 1420ರಲ್ಲಿ ಪೂರ್ತಿಯಾದ ಬೀಜಿಂಗಿನ ಅರಮನೆ, ಈಗ ಪ್ರವಾಸಿಗರೆಲ್ಲ ನೋಡಿಬರುವ ಫರ್ಬಿಡನ್ ಸಿಟಿ, ಇದಕ್ಕೆ ಒಳ್ಳೆಯ ಉದಾಹರಣೆ. ಮುಖ ದಕ್ಷಿಣಕ್ಕೆ, ಎದುರಿನ ಅಂಗಳದಲ್ಲಿ ಬಳುಕುತ್ತಾ ಹರಿಯುವ ಕಾಲುವೆ. ಬೆನ್ನಿಗೆ ಬೆಟ್ಟ ಇರಲಿಲ್ಲ. ಕಂದಕ ತೋಡಿದ ಮಣ್ಣನ್ನೇ ಹಿಂದೆ ಒಟ್ಟಿ ಬೆಟ್ಟ ಮಾಡಿದರು!

ಹೀಗಿದ್ದ ವಿದ್ಯೆಗೆ 1949ರ ನಂತರದ ಚೀನಾದಲ್ಲಿ ಮೂಢನಂಬಿಕೆ ಎಂಬ ಪಟ್ಟ ಸಿಕ್ಕಿತು. ಹಾಂಗ್‌ಕಾಂಗ್, ತೈವಾನ್, ಸಿಂಗಾಪುರಗಳಲ್ಲಿ ಅದು ಉಳಿಯಿತು. ಅಲ್ಲಿಂದ ಅಮೆರಿಕಕ್ಕೆ ಹೋಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನೆಲೆನಿಂತ ಲಿನ್ ಯುನ್ ಎಂಬ ಗುರು 1980ರ ದಶಕದಲ್ಲಿ ಇದನ್ನು ಅಪಾರ್ಟ್‌ಮೆಂಟಿನ ಜನಕ್ಕೆ ಒಗ್ಗುವ ಹಾಗೆ ಸರಳ ಮಾಡಿದರು. ದಿಕ್ಸೂಚಿ ಬೇಡ, ಬೆಟ್ಟ ಬೇಡ, ಮನೆಯ ಮುಂಬಾಗಿಲೇ ಲೆಕ್ಕದ ಬುಡ. 1998ರಲ್ಲಿ ಕ್ಯಾರೆನ್ ಕಿಂಗ್‌ಸ್ಟನ್ ಎಂಬ ಬ್ರಿಟಿಷ್ ಲೇಖಕಿ, ಫೆಂಗ್ ಶುಯಿಯಿಂದ ಮನೆಯ ಅಡ್ಡಾದಿಡ್ಡಿ ಸಾಮಾನು ತೆಗೆಯುವುದು ಹೇಗೆ ಅಂತ ಇಡೀ ಪುಸ್ತಕವನ್ನೇ ಬರೆದರು. ಅಂದರೆ 'ಬೇಡದ್ದನ್ನು ಎಸೆಯಿರಿ, ಚಿ ಹರಿಯಲಿ' ಎಂಬ ರೂಪದ ಫೆಂಗ್ ಶುಯಿಗೆ ವಯಸ್ಸು ಸಾವಿರಾರು ವರ್ಷ ಅಲ್ಲ. ನಮ್ಮ ನಿಮ್ಮ ಕಾಲದ್ದೇ.

ಹಾಗಂತ ಚೀನಿಯರಿಗೆ ಮನೆ ಗುಡಿಸುವುದು ಗೊತ್ತಿರಲಿಲ್ಲ ಅಂತಲ್ಲ. ಅವರ ಹೊಸವರ್ಷಕ್ಕೆ ಒಂದು ವಾರ ಮುಂಚೆ, ವರ್ಷದ ಕೊನೆಯ ತಿಂಗಳ 23 ಅಥವಾ 24ನೇ ದಿನ, ಅಡುಗೆಮನೆಯ ದೇವರು ಸ್ವರ್ಗಕ್ಕೆ ವರದಿ ಒಪ್ಪಿಸಲು ಹೋಗುತ್ತಾನಂತೆ. ಸಿಹಿ ಮಾತೇ ಆಡಲಿ ಅಂತ ಅವನ ಬಾಯಿಗೆ ಅಂಟು ಮಿಠಾಯಿ ಸವರಿ ಕಳಿಸುತ್ತಾರೆ. ಆಮೇಲೆ ಶುರು ಮೂಲೆಮೂಲೆಯ ಧೂಳು ಹೊಡೆಯುವ ಕೆಲಸ. ಅವರ ಭಾಷೆಯಲ್ಲಿ ಧೂಳಿಗೂ ಹಳತಿಗೂ ಉಚ್ಚಾರ ಒಂದೇ, ಚೆನ್. ಧೂಳು ಗುಡಿಸಿದರೆ ಹಳತನ್ನೂ ಗುಡಿಸಿದ ಹಾಗೆ. ಹೊಸವರ್ಷದ ದಿನ ಮಾತ್ರ ಪೊರಕೆ ಮುಟ್ಟುವಂತಿಲ್ಲ, ಬಂದ ಅದೃಷ್ಟವೂ ಗುಡಿಸಿಹೋದೀತು ಅಂತ. ಸಂಜೆ ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು ಎಂದು ಗದರುತ್ತಿದ್ದ ನಮ್ಮ ಅಜ್ಜಿಯರು ಅಲ್ಲಿಗೆ ಹೋಗಿದ್ದರೆ ಸಲೀಸಾಗಿ ಹೊಂದಿಕೊಳ್ಳುತ್ತಿದ್ದರು.

ವಾಸ್ತುವೋ, ಫೆಂಗ್ ಶುಯಿಯೋ?

ಎರಡನ್ನೂ ಒಟ್ಟಿಗೆ ಮಾಡುತ್ತೇವೆ ಅನ್ನುವವರಿಗೆ ಒಂದು ಎಚ್ಚರಿಕೆ. ನಮ್ಮ ವಾಸ್ತುವಿನಲ್ಲಿ ಈಶಾನ್ಯ ಅಂದರೆ ದೇವಮೂಲೆ. ಚೀನಾ, ಜಪಾನಿನ ಪದ್ಧತಿಯಲ್ಲಿ ಅದೇ ಈಶಾನ್ಯ ದೆವ್ವದ ಬಾಗಿಲು! ಕ್ಯೋಟೊ ನಗರಕ್ಕೆ ಆ ದಿಕ್ಕಿನಿಂದ ಕೇಡು ಬರದಿರಲಿ ಅಂತ ಕಾಯುವ ಮಠವೇ ಹಿಯೆ ಬೆಟ್ಟದ ಮೇಲಿದೆ. ನಮಗೆ ಆಗ್ನೇಯ ಬೆಂಕಿಯ ಮೂಲೆ, ಒಲೆ ಅಲ್ಲಿರಬೇಕು. ಅವರಿಗೆ ಆಗ್ನೇಯ ಮರದ ಮೂಲೆ, ಸಂಪತ್ತಿನ ಮೂಲೆ. ದಿಕ್ಕುಗಳ ವಿಷಯದಲ್ಲಿ ಎರಡೂ ಕಡೆಯ ಪಂಡಿತರನ್ನು ಒಂದೇ ಮನೆಗೆ ಕರೆದರೆ ಮಂಚ ಇಡಲು ಜಾಗವೇ ಉಳಿಯುವುದಿಲ್ಲ. ಬಾಡಿಗೆ ಮನೆಯಲ್ಲಿ ಗೋಡೆ ಒಡೆಯಲಂತೂ ಆಗದು.

ಆದರೆ ಇಬ್ಬರೂ ಒಪ್ಪುವ ವಿಷಯ ಒಂದಿದೆ: ಮನೆಯ ನಡುಭಾಗ ಖಾಲಿ ಇರಬೇಕು. ವಾಸ್ತುವಿನಲ್ಲಿ ಅದು ಬ್ರಹ್ಮಸ್ಥಾನ. ನಮ್ಮ ಮಲೆನಾಡಿನ, ಹಳೇ ಮೈಸೂರಿನ ತೊಟ್ಟಿಮನೆ ನೆನೆಸಿಕೊಳ್ಳಿ. ಸುತ್ತ ಜಗಲಿ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಮಳೆ ನೇರ ಮನೆಯ ಮಧ್ಯಕ್ಕೇ ಬೀಳುತ್ತಿತ್ತು. ದಕ್ಷಿಣ ಚೀನಾದ ಹಳೆಯ ಮನೆಗಳಲ್ಲೂ ಥೇಟ್ ಇಂಥದೇ ಅಂಗಳ, ಅದಕ್ಕೆ ಅವರು ಕರೆಯುವುದು 'ಆಕಾಶದ ಬಾವಿ' ಅಂತ. ಇನ್ನೊಂದು ವಿಶೇಷ ನೋಡಿ. ಚೀನಿಯರ ಐದು ಧಾತುಗಳು ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮ ಪಂಚಭೂತಗಳಲ್ಲಿ ಮರವೂ ಇಲ್ಲ, ಲೋಹವೂ ಇಲ್ಲ. ಗಾಳಿ ಇದೆ, ಆಕಾಶ ಇದೆ. ಖಾಲಿ ಜಾಗವನ್ನೂ ಒಂದು ಭೂತ ಅಂತ ಎಣಿಸಿದವರು ನಾವು! ಈಗ ಹಾಲಿನ ನಡುವೆ ಸೋಫಾ ಸೆಟ್, ಟೀಪಾಯಿ, ಅದರ ಕೆಳಗೆ ಹಳೇ ಪೇಪರ್, ಪಕ್ಕದಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು. ಬ್ರಹ್ಮ ಎಲ್ಲಿ ನಿಲ್ಲಬೇಕು ಪಾಪ?

ಬಾಗಿಲಿನಿಂದ ಬಾಲ್ಕನಿವರೆಗೆ

ಕೆಲಸ ಶುರು ಮಾಡುವುದು ಮುಂಬಾಗಿಲಿನಿಂದ. ಫೆಂಗ್ ಶುಯಿಯಲ್ಲಿ ಬಾಗಿಲು ಅಂದರೆ ಚಿ ಒಳಗೆ ಬರುವ ಬಾಯಿ. ಪರೀಕ್ಷೆ ಬಹಳ ಸುಲಭ. ಬಾಗಿಲನ್ನು ಪೂರ್ತಿ ತೆರೆಯಿರಿ. ಗೋಡೆಗೆ ಮುಟ್ಟುತ್ತದೆಯೇ? ಅಥವಾ ಹಿಂದೆ ನೇತುಹಾಕಿದ ಛತ್ರಿ, ಚೀಲ, ಹೆಲ್ಮೆಟ್, ಕ್ರಿಕೆಟ್ ಬ್ಯಾಟುಗಳಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತದೆಯೇ? ಹೊರಗೆ ಪ್ಯಾಸೇಜಿನಲ್ಲಿ ಚಪ್ಪಲಿ ಸ್ಟ್ಯಾಂಡು, ಅದರ ಮೇಲೆ ಒಣಗಿದ ಮನಿಪ್ಲಾಂಟು, ಪಕ್ಕದಲ್ಲಿ ಮಗನ ಹಳೇ ಸೈಕಲ್ಲು ಇದೆಯೇ? ಚಿ ಬರುತ್ತದೋ ಬಿಡುತ್ತದೋ, ಅಗ್ನಿಶಾಮಕ ದಳದವರು ಬರಬೇಕಾದರೆ ಇದೇ ದಾರಿ. ವಯಸ್ಸಾದವರು ರಾತ್ರಿ ಎದೆನೋವು ಅಂದರೆ ಸ್ಟ್ರೆಚರ್ ಹೊರಗೆ ಹೋಗಬೇಕಾದ್ದೂ ಈ ಬಾಗಿಲಿನಿಂದಲೇ. ಬೇರೆ ಯಾವ ಮೂಲೆ ಬಿಟ್ಟರೂ ಈ ಒಂದು ಜಾಗವನ್ನು ಇವತ್ತೇ ಖಾಲಿ ಮಾಡಿ.

ಮಂಚದ ಕೆಳಗೆ ಏನೂ ಇಡಬಾರದು ಎನ್ನುತ್ತಾರೆ ಫೆಂಗ್ ಶುಯಿಯವರು. ಮಲಗಿದವರ ಸುತ್ತ ಚಿ ಆಡಬೇಕಂತೆ. ಕೇಳಲು ಚೆಂದ, ಆದರೆ ನಾನೂರು ಚದರಡಿ ಮನೆಯಲ್ಲಿ ಬಾಕ್ಸ್ ಮಂಚವೇ ನಮ್ಮ ಗೋದಾಮು. ಇಲ್ಲಿ ಒಂದು ರಾಜಿ ಮಾಡಿಕೊಳ್ಳೋಣ. ಮಂಚದೊಳಗೆ ಹಾಸಿಗೆ ಹೊದಿಕೆ, ದಿಂಬಿನ ಕವರು, ಚಳಿಗಾಲದ ಸ್ವೆಟರ್ ಮಾತ್ರ ಇರಲಿ. ಚಪ್ಪಲಿ, ಹಳೇ ಫೈಲು, ಕೆಟ್ಟ ಕಂಪ್ಯೂಟರು ಬೇಡ. ವರ್ಷಕ್ಕೆ ಎರಡು ಸಲ, ಮುಂಬೈ ಪುಣೆಯವರಾದರೆ ಮಳೆಗಾಲ ಮುಗಿದ ಕೂಡಲೇ, ಎಲ್ಲ ಹೊರತೆಗೆದು ಬಿಸಿಲು ಕಾಣಿಸಿ. ಮುಚ್ಚಿಟ್ಟ ಕಡೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ, ಧೂಳಿನ ನುಸಿ ಬೆಳೆಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹತ್ತು ಸೀನು ಸೀನುವವರಿಗೆ ಇದು ಚಿ ವಿಷಯವಲ್ಲ, ಮೂಗಿನ ವಿಷಯ. ಬೀರುವನ್ನು ಹೊರಗೋಡೆಗೆ ಅಂಟಿಸಿ ಇಡದೆ ಮೂರು ನಾಲ್ಕು ಬೆರಳು ಸಂದಿ ಬಿಡುವುದೂ ಒಳ್ಳೆಯದು.

ಅಡುಗೆಮನೆಯಲ್ಲಿ ಒಲೆ ಮತ್ತು ಸಿಂಕ್ ಅಕ್ಕಪಕ್ಕ ಇರಬಾರದು, ಬೆಂಕಿಗೂ ನೀರಿಗೂ ಜಗಳ ಎನ್ನುತ್ತದೆ ಫೆಂಗ್ ಶುಯಿ. ಬಿಲ್ಡರ್ ಕಟ್ಟಿಕೊಟ್ಟದ್ದನ್ನು ನಾವು ಬದಲಿಸಲಾಗದು. ನಾವು ಮಾಡಬಹುದಾದ್ದು ಕಟ್ಟೆಯ ಕೆಳಗಿನ ಕೆಲಸ. ಗ್ಯಾಸ್ ಸಿಲಿಂಡರಿನ ಸುತ್ತ ಹಳೇ ಪೇಪರು, ಖಾಲಿ ಡಬ್ಬ, ಮತ್ತು ನಮ್ಮೆಲ್ಲರ ಮನೆಯ ಆ ಪ್ರಸಿದ್ಧ ವಸ್ತು, ಕವರುಗಳನ್ನು ತುಂಬಿಟ್ಟ ಕವರು! ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಅಲ್ಲಿ ಗಾಳಿಯಾಡಬೇಕು, ರೆಗ್ಯುಲೇಟರು ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು.

ಇನ್ನು ಬಾಲ್ಕನಿ. ನೀರು ಹರಿಯಬೇಕು, ನಿಲ್ಲಬಾರದು ಎಂಬುದು ಫೆಂಗ್ ಶುಯಿಯ ಬುನಾದಿ ಪಾಠ. ಇದನ್ನು ಮುನಿಸಿಪಾಲಿಟಿಯವರು ಬೇರೆ ಮಾತಿನಲ್ಲಿ ಹೇಳುತ್ತಾರೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ, ಸ್ವಚ್ಛವಾದ ನಿಂತ ನೀರೇ ಇಷ್ಟ. ಒಡೆದ ಬಕೆಟ್ಟು, ಹೂಕುಂಡದ ತಟ್ಟೆ, ಹಳೇ ಟೈರು, ಅದೃಷ್ಟದ ಬಿದಿರಿನ ಲೋಟ, ಯಾವುದಾದರೂ ಸಾಕು. ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಂದ ಸೊಳ್ಳೆ ಆಗಿಬಿಡುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು. ಪಾತ್ರೆಯ ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಬಿದ್ದಾಗ ಏಳುತ್ತವೆ. ಹಾಗಾಗಿ ವಾರಕ್ಕೊಮ್ಮೆ ಒಳಬದಿಯನ್ನು ಉಜ್ಜಿ ತೊಳೆಯಬೇಕು. ಒಡೆದ ಬಕೆಟ್ಟಿಗೆ ಅಷ್ಟು ಸೇವೆ ಯಾಕೆ, ಅದನ್ನು ಕಳಿಸಿಬಿಡಿ.

ಒಂಬತ್ತು ಮನೆ, ಒಂಬತ್ತು ಭಾನುವಾರ

ಇಡೀ ಮನೆಯನ್ನು ಒಂದೇ ದಿನ ಮಾಡಲು ಹೊರಟವರು ಮಧ್ಯಾಹ್ನಕ್ಕೆ ಸುಸ್ತಾಗಿ, ಸಂಜೆಗೆ ಜಗಳವಾಡಿ, ರಾತ್ರಿ ಎಲ್ಲ ಮತ್ತೆ ಲಾಫ್ಟ್‌ಗೇ ಏರಿಸುತ್ತಾರೆ. ಇದಕ್ಕೆ ಲಿನ್ ಯುನ್ ಅವರ ನಕ್ಷೆ ಒಳ್ಳೆಯ ಉಪಾಯ. ಅದರ ಹೆಸರು ಬಾಗ್ವಾ. ಮುಂಬಾಗಿಲಲ್ಲಿ ನಿಂತು ಒಳಗೆ ನೋಡುತ್ತಾ, ಮನೆಯನ್ನು ಮನಸ್ಸಿನಲ್ಲೇ ಮೂರು ಸಾಲು, ಮೂರು ಕಂಬ, ಒಟ್ಟು ಒಂಬತ್ತು ಚೌಕ ಮಾಡಿ. ಬಾಗಿಲ ಸಾಲಿನಲ್ಲಿ ಎಡದಿಂದ ವಿದ್ಯೆ, ಉದ್ಯೋಗ, ಸಹಾಯಕ್ಕೆ ಬರುವವರು. ನಡು ಸಾಲಿನಲ್ಲಿ ಕುಟುಂಬ, ಆರೋಗ್ಯ, ಮಕ್ಕಳು. ದೂರದ ಸಾಲಿನಲ್ಲಿ ಸಂಪತ್ತು, ಕೀರ್ತಿ, ದಾಂಪತ್ಯ. (ಈ ಚೌಕಗಳಿಗೆ ಚೀನಿಯರು ಕೊಟ್ಟಿರುವ ಅಂಕಿಗಳನ್ನು ಅಡ್ಡ, ಉದ್ದ, ಓರೆ ಹೇಗೆ ಕೂಡಿದರೂ 15 ಬರುತ್ತದೆ. ಲೆಕ್ಕ ಇಷ್ಟಪಡುವ ಮಕ್ಕಳಿಗೆ ಕೊಟ್ಟು ನೋಡಿ.) ಒಂದು ಭಾನುವಾರಕ್ಕೆ ಒಂದು ಚೌಕ, ಎರಡು ಗಂಟೆ, ಅಷ್ಟೇ.

ಎಡಗಡೆ ದೂರದ ಮೂಲೆ ಚೊಕ್ಕಟ ಮಾಡಿದರೆ ದುಡ್ಡು ಬರುತ್ತದೆಯೇ? ಹಾಗಂತ ನಾವು ಹೇಳಲಾರೆವು. ಆದರೆ ಯಾವ ಮೂಲೆಯಲ್ಲಾದರೂ ಅಪ್ಪನ ಟ್ರಂಕು ಇದ್ದರೆ, ಅದರ ಕಾಗದಗಳನ್ನು ಒಂದೊಂದೇ ನೋಡದೆ ರದ್ದಿಗೆ ಹಾಕಬೇಡಿ. ಬ್ಯಾಂಕಿನ ಹಳೇ ಪಾಸ್‌ಬುಕ್ಕು, ಎಫ್‌ಡಿ ರಸೀದಿ, ಕಾಗದದ ಷೇರು ಪತ್ರ, ಊರಿನ ಜಮೀನಿನ ಪಹಣಿ ಇದ್ದೀತು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತವೆ, ಆದರೆ ವಾರಸುದಾರರ ಹಕ್ಕು ಹೋಗುವುದಿಲ್ಲ. ಇಂಥ ಖಾತೆ ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ಪೋರ್ಟಲ್ ತೆರೆಯಿತು. ಅಲ್ಲಿ ಹೆಸರು ಹುಡುಕಿ, ಹಣಕ್ಕೆ ಆಯಾ ಬ್ಯಾಂಕಿನಲ್ಲೇ ಅರ್ಜಿ ಕೊಡಬೇಕು. ಸಂಪತ್ತಿನ ಮೂಲೆಗೆ ನಮಗೆ ತಿಳಿದ ಅತ್ಯುತ್ತಮ ಫೆಂಗ್ ಶುಯಿ ಇದೇ!

ಸಾಮಾನು ತುಂಬಿದ ಮನೆ ಮನಸ್ಸಿಗೂ ಭಾರ ಎಂಬುದಕ್ಕೆ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿದೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಗಂಡ ಹೆಂಡತಿ ಇಬ್ಬರೂ ದುಡಿಯುವ 32 ಕುಟುಂಬಗಳ ಮನೆಗಳನ್ನು ಅಭ್ಯಾಸ ಮಾಡಿದರು. ನಾಲ್ಕರಲ್ಲಿ ಮೂರು ಗ್ಯಾರೇಜುಗಳಲ್ಲಿ ಸಾಮಾನು ತುಂಬಿ ಕಾರಿಗೇ ಜಾಗವಿರಲಿಲ್ಲ. 2010ರಲ್ಲಿ ಪ್ರಕಟವಾದ ಅದೇ ಯೋಜನೆಯ ಒಂದು ವರದಿ ಪ್ರಕಾರ, ತಮ್ಮ ಮನೆ ಅಸ್ತವ್ಯಸ್ತ, ಕೆಲಸ ಮುಗಿದೇ ಇಲ್ಲ ಎಂದು ವರ್ಣಿಸಿದ ಹೆಂಗಸರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ದಿನವಿಡೀ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಗಂಡಸರಲ್ಲಿ ಅದು ಹಾಗೆ ಕಾಣಲಿಲ್ಲ. ಸಾಮಾನು ಗಂಡಸರ ಕಣ್ಣಿಗೆ ಬೀಳುವುದೇ ಇಲ್ಲವೋ ಏನೋ, ಗೃಹಿಣಿಯರೇ ತೀರ್ಮಾನಿಸಲಿ. ಅಂದ ಹಾಗೆ, ಸಂತೋಷ ಕೊಡದ ವಸ್ತು ಬೇಡ ಅಂತ ಲೋಕಕ್ಕೆಲ್ಲ ಪಾಠ ಹೇಳಿದ ಜಪಾನಿನ ಮರಿ ಕೊಂಡೊ, ಮೂರನೇ ಮಗುವಾದ ಮೇಲೆ ತಾವೇ ಮನೆ ಜೋಡಿಸುವುದನ್ನು ಸಡಿಲ ಬಿಟ್ಟಿರುವುದಾಗಿ 2023ರಲ್ಲಿ ಒಪ್ಪಿಕೊಂಡರು. ಮನೆಯಲ್ಲಿ ಪುಟ್ಟ ಮಕ್ಕಳಿರುವವರು ನೆಮ್ಮದಿಯಾಗಿರಿ.

ಊರಿನ ಸಾಮಾನು

ಎಲ್ಲಕ್ಕಿಂತ ಕಷ್ಟದ ಮಾತು ಈಗ. ಕೆಟ್ಟ ಮಿಕ್ಸಿ ಎಸೆಯಲು ಯಾರಿಗೂ ದುಃಖವಿಲ್ಲ. ಆದರೆ ಊರಿನ ಮನೆ ಮಾರಿದಾಗ ಪಾಲಿಗೆ ಬಂದ ಹಂಡೆ, ಕೊಳಗ, ಒರಳುಕಲ್ಲು, ಅಜ್ಜಿಯ ಮಡಿಸೀರೆ, ಮಣೆ, ಅಪ್ಪನ ಪುಸ್ತಕಗಳು? ಮನೆ ಹೋಯಿತು, ಹಿತ್ತಿಲು ಹೋಯಿತು, ಅದೆಲ್ಲ ಈಗ ಒಂದು ಲಾಫ್ಟಿನಷ್ಟು ಉಳಿದಿದೆ. ಅಮ್ಮನೋ ಅತ್ತೆಯೋ ಊರು ಬಿಟ್ಟು ನಮ್ಮ ಜೊತೆ ಇರಲು ಬಂದಿದ್ದರೆ, ಅವರ ಪಾಲಿಗೆ ಅದು ಸಾಮಾನಲ್ಲ, ಊರೇ.

ಫೆಂಗ್ ಶುಯಿ ಪುಸ್ತಕಗಳು ಇಲ್ಲಿ ಸ್ವಲ್ಪ ಒರಟಾಗಿ ಮಾತಾಡುತ್ತವೆ. ಬಳಸದ ವಸ್ತುವಿನಲ್ಲಿ ಚಿ ಕೊಳೆಯುತ್ತದೆ, ಹಳೆಯ ನೆನಪು ಹಿಡಿದೆಳೆಯುತ್ತದೆ, ತೆಗೆದುಬಿಡಿ ಎನ್ನುತ್ತವೆ. ನಮಗೆ ಅದು ಒಪ್ಪಿಗೆಯಿಲ್ಲ. ಹಿರಿಯರ ಗೋರಿಗೆ ಒಳ್ಳೆಯ ಜಾಗ ಹುಡುಕಲು ಹುಟ್ಟಿದ ವಿದ್ಯೆ, ಹಿರಿಯರ ಪಾತ್ರೆಯನ್ನು ಗುಜರಿಗೆ ಹಾಕು ಅನ್ನಲಾರದು. ವಸ್ತು ಬಳಕೆಯಲ್ಲಿರಬೇಕು, ಇಲ್ಲವೇ ಕಣ್ಣೆದುರು ಇರಬೇಕು ಎಂಬಷ್ಟನ್ನು ಮಾತ್ರ ತೆಗೆದುಕೊಳ್ಳೋಣ. ಗೋಣಿಚೀಲದಲ್ಲಿ ಹತ್ತು ಪಾತ್ರೆ ಕತ್ತಲಲ್ಲಿ ಕಿಲುಬು ಹಿಡಿಯುವುದಕ್ಕಿಂತ, ಒಂದು ಕೊಳಗ ಹುಣಸೆಹಣ್ಣಿನಲ್ಲಿ ಬೆಳಗಿಸಿಕೊಂಡು ಹಾಲಿನಲ್ಲಿ ಗಿಡ ಹಿಡಿದು ನಿಲ್ಲಲಿ. ಮಡಿಸೀರೆಯಿಂದ ಮೊಮ್ಮಗಳಿಗೆ ಲಂಗ ಹೊಲಿಸಬಹುದು. ಹಂಡೆಗೆ ಈ ಊರಿನಲ್ಲಿ ಕೆಲಸವಿಲ್ಲ, ಆದರೆ ಊರಲ್ಲಿ ಬಚ್ಚಲೊಲೆ ಇನ್ನೂ ಉರಿಯುವ ಚಿಕ್ಕಪ್ಪನ ಮನೆಯೋ ಸೋದರತ್ತೆಯ ಮನೆಯೋ ಇದ್ದೀತು. ಮುಂದಿನ ಸಲ ಕಾರಿನಲ್ಲಿ ಹೋಗುವಾಗ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ.

ಒಂದು ಕೆಲಸ ಮಾತ್ರ ಮಾಡಲೇಬಾರದು. ಅಮ್ಮ ದೇವಸ್ಥಾನಕ್ಕೆ ಹೋದಾಗ ನೋಡಿ ಅವರ ಟ್ರಂಕು ಖಾಲಿ ಮಾಡಿಸಬೇಡಿ. ಆಮೇಲೆ ಅವರು ಏನೂ ಅನ್ನದೆ ಇರಬಹುದು, ಆದರೆ ಈ ಮನೆಯಲ್ಲಿ ತಮ್ಮದು ಅಂತ ಏನೂ ಇಲ್ಲ ಅಂತ ಅವರಿಗೆ ಅನ್ನಿಸಿಬಿಡುತ್ತದೆ. ಅವರನ್ನೇ ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ವಸ್ತು ಕೈಗೆ ಕೊಟ್ಟು, "ಅಮ್ಮ, ಇದು ಯಾರು ಕೊಟ್ಟದ್ದು?" ಅಂತ ಕೇಳಿ. ಹೇಳಿಕೊಂಡ ಮೇಲೆ ಎಷ್ಟೋ ವಸ್ತುಗಳನ್ನು ಅವರೇ ನಗುತ್ತಾ ಬಿಟ್ಟುಕೊಡುತ್ತಾರೆ. ಕೆಲವನ್ನು ಕೊಡುವುದಿಲ್ಲ. ಇರಲಿ ಬಿಡಿ, ಅವರದೂ ಒಂದು ಚೌಕ ಅಂತ ಮನೆಯಲ್ಲಿ ಇರಲಿ.

ತೆಗೆದದ್ದು ಎಲ್ಲಿಗೆ ಹೋಗಬೇಕು?

ಮುಂಬೈಯಲ್ಲಿ ಭಂಗಾರ್‌ವಾಲಾ, ದೆಹಲಿಯಲ್ಲಿ ಕಬಾಡಿವಾಲಾ, ಹೆಸರು ಯಾವುದಾದರೂ ತಕ್ಕಡಿ ಒಂದೇ. ತಾಮ್ರ, ಹಿತ್ತಾಳೆ, ಕಂಚು ಮೂರಕ್ಕೂ ದರ ಬೇರೆಬೇರೆ. ಎಲ್ಲ ಸೇರಿಸಿ 'ಪೀತಲ್' ಅಂತ ತೂಗಲು ಬಿಡಬೇಡಿ, ಎರಡು ಅಂಗಡಿಯಲ್ಲಿ ವಿಚಾರಿಸಿ. ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವ ವ್ಯಾಪಾರ ಗೊತ್ತಲ್ಲ? ಬೀರು ಖಾಲಿ ಮಾಡಿ ಲಾಫ್ಟ್ ತುಂಬಿಸುವ ವಿದ್ಯೆ ಅದು! ಉಡಲು ಯೋಗ್ಯವಾದ ಬಟ್ಟೆಯನ್ನು ಒಗೆದು ಮಡಿಸಿ, ದೆಹಲಿಯಲ್ಲಿ 1999ರಲ್ಲಿ ಶುರುವಾದ ಗೂಂಜ್‌ನಂಥ ಸಂಸ್ಥೆಗಳಿಗೆ ಕೊಡಬಹುದು. ಹರಿದದ್ದನ್ನು ದಾನ ಮಾಡುವುದು ಬೇಡ, ನೆಲ ಒರೆಸಲು ಇಟ್ಟುಕೊಳ್ಳಿ. ಕೆಟ್ಟ ಮೊಬೈಲು, ಚಾರ್ಜರು, ಬ್ಯಾಟರಿಗಳನ್ನು ಒದ್ದೆ ಕಸದ ಜೊತೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಕನ್ನಡ ಪುಸ್ತಕಗಳ ಬಗ್ಗೆ ಒಂದು ಕಳಕಳಿಯ ಮಾತು. ಪರಊರಿನ ರದ್ದಿ ಅಂಗಡಿಯವನಿಗೆ ಕನ್ನಡ ಓದಲು ಬಾರದು. ಅವನ ತಕ್ಕಡಿಯಲ್ಲಿ ಕಾದಂಬರಿಯೂ ಹಳೇ ಟೆಲಿಫೋನ್ ಡೈರೆಕ್ಟರಿಯೂ ಒಂದೇ. ಒಮ್ಮೆ ಅಲ್ಲಿಗೆ ಹೋದ ಕನ್ನಡ ಪುಸ್ತಕ ಮತ್ತೊಬ್ಬ ಕನ್ನಡಿಗನ ಕೈಗೆ ಬರುವುದು ಅಪರೂಪ. ಮುಂಬೈಯವರಾದರೆ ಮಾಟುಂಗದ ಮೈಸೂರು ಅಸೋಸಿಯೇಷನ್, ದೆಹಲಿಯವರಾದರೆ ಆರ್.ಕೆ. ಪುರಂನ ಕರ್ನಾಟಕ ಸಂಘ, ಉಳಿದ ಊರುಗಳಲ್ಲಿ ನಿಮ್ಮ ಹತ್ತಿರದ ಕನ್ನಡ ಸಂಘಕ್ಕೆ ಮೊದಲು ಫೋನ್ ಮಾಡಿ, ಯಾವ ಪುಸ್ತಕ ಬೇಕು ಅಂತ ಕೇಳಿ, ಪಟ್ಟಿ ಮಾಡಿಕೊಂಡು ಹೋಗಿ. ಅವರ ಕಪಾಟೂ ನಮ್ಮ ಲಾಫ್ಟ್ ಆಗಬಾರದಲ್ಲ.

ರೇಡಿಯೋ ಕೇಳುವ ಮನೆಗಳಲ್ಲಿ ಇನ್ನೊಂದು ಡಬ್ಬ ಖಂಡಿತ ಸಿಗುತ್ತದೆ, ಕ್ಯಾಸೆಟ್ಟುಗಳದ್ದು. ಅಂಗಡಿಯಿಂದ ಕೊಂಡ ಹಾಡುಗಳು ಬೇರೆ ಕಡೆ ಸಿಗುತ್ತವೆ, ಅವನ್ನು ಬಿಟ್ಟುಬಿಡಬಹುದು. ಮನೆಯಲ್ಲೇ ರೆಕಾರ್ಡ್ ಮಾಡಿದವು ಹಾಗಲ್ಲ. ಮಗುವಿನ ಮೊದಲ ತೊದಲು, ನಾಮಕರಣದ ದಿನದ ಸೋಬಾನೆ ಹಾಡು, ಅಜ್ಜ ಹೇಳಿದ ಕಥೆ ಅದರಲ್ಲಿದ್ದೀತು. ಸಮುದ್ರದ ಊರುಗಳ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಬರುತ್ತದೆ. ಅದು ಕಂಡರೆ ಪ್ಲೇಯರಿಗೆ ಹಾಕಬೇಡಿ, ಟೇಪೂ ಹಾಳು, ಪ್ಲೇಯರೂ ಹಾಳು. ಡಿಜಿಟಲ್‌ಗೆ ಇಳಿಸಿಕೊಡುವವರ ಹತ್ತಿರ ಕೊಂಡೊಯ್ಯಿರಿ, ಮೊದಲು ಒಂದೇ ಕ್ಯಾಸೆಟ್ ಕೊಟ್ಟು ನೋಡಿ. ಖಾಲಿ ಡಬ್ಬಿಗಳನ್ನು ಕಸಕ್ಕೆ ಹಾಕುವ ಮುಂಚೆ ಒಳಗಿನ ಚೀಟಿ ತೆಗೆದು ಓದಿ. ಯಾರ ದನಿ, ಯಾವ ದಿನ ಅಂತ ಮನೆಯ ಹಿರಿಯರು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತಾರೆ.